ಎರಡಡಿ ಗಾಜಿನ ತೊಟ್ಟಿಯ ಮರಿಗಳು

ಲಿಫ್ಟ್ ರಿಪೇರಿ ಮಾಡುವವನಾದ್ದರಿಂದ ಓಣಿಯವರೆಲ್ಲ ಅವನನ್ನು ಲಿಫ್ಟಣ್ಣ ಎಂದೇ ಕರೆಯುತ್ತಿದ್ದರು. ಹೆಂಡತಿಯೂ ಒಮ್ಮೊಮ್ಮೆ ತಮಾಷೆಗೆ ಹಾಗೆ ಕರೆಯುವುದಿತ್ತು. ಅದು ಮೊದಲಿನ ಮಾತು. ಏಳು ತಿಂಗಳು ತುಂಬಿದ ಬಸುರಿ ಆಸ್ಪತ್ರೆಯಿಂದ ಬರಿಗೈಯಲ್ಲಿ ಮನೆಗೆ ಬಂದ ಮೇಲೆ ತಮಾಷೆ ಹಾಗಿರಲಿ, ಅವಳ ಬಾಯಿಂದ ಮಾತು ಬರುವುದೇ ಅಪರೂಪವಾಯಿತು. ಕೇಳಿದ್ದಕ್ಕೆ ಹೂಂ, ಇಲ್ಲವೆಂದರೆ ಉಹೂಂ. ಔಷಧಿ ಅಂಗಡಿಯ ಕೆಲಸವನ್ನೂ ಬಿಟ್ಟಳು. ಬಟ್ಟೆ ಮಡಚಲು ಕೂತರೆ ಒಂದೇ ಟವೆಲನ್ನು ಮತ್ತೆ ಮತ್ತೆ ಬಿಚ್ಚಿ ಮಡಚುತ್ತಿದ್ದಳು.

ಆಗಲೇ ಮೇಲಿನ ಮಹಡಿಯವರು ಮನೆ ಖಾಲಿ ಮಾಡಿದರು. ಎರಡಡಿ ಉದ್ದದ ಮೀನಿನ ತೊಟ್ಟಿ, ಅದರೊಳಗೆ ಐದು ಗಪ್ಪಿ ಮೀನು. ಹೊತ್ತುಕೊಂಡು ಹೋಗುವ ತಾಪತ್ರಯ ಯಾರಿಗೆ ಬೇಕು ಎಂದು ಇವನ ಕೈಗೆ ದಾಟಿಸಿದರು. ಅವನು ತಂದು ಟೀವಿ ಪಕ್ಕ ಇಟ್ಟ. ಎರಡು ದಿನ ಅವಳು ಅತ್ತ ತಿರುಗಿಯೂ ನೋಡಲಿಲ್ಲ. ಆಮೇಲೊಂದು ದಿನ ಕೆಲಸ ಮುಗಿಸಿ ಬಂದರೆ ನೆಲದ ಮೇಲೆ ಮೊಣಕಾಲೂರಿ, ಗಾಜಿಗೆ ಮೂಗು ತಾಗಿಸಿ ಕೂತಿದ್ದಳು.

"ರೀ, ಇವಳ ಬಾಲ ಹರಿದಿದೆ. ಯಾರೋ ಕಚ್ಚಿದಾರೆ."

ಎಷ್ಟೋ ದಿನಗಳ ಮೇಲೆ ಅವಳಾಗಿ ಆಡಿದ ಮೊದಲ ಮಾತು ಅದು. ಅವನಿಗೆ ಅಳು ಬಂದಂತಾಗಿ, ಕೈ ತೊಳೆಯುವ ನೆವದಲ್ಲಿ ಬಚ್ಚಲಿಗೆ ಹೋದ.

ಗಪ್ಪಿ ಮೊಟ್ಟೆಯಿಡುವ ಜಾತಿಯಲ್ಲ, ಮರಿ ಹಾಕುವ ಜಾತಿ. ಬಾಲ ಹರಿದವಳೇ ಮೊದಲು ಹಾಕಿದಳು. ಕೆಲಸದ ಜಾಗಕ್ಕೆ ಹೆಂಡತಿಯ ಫೋನು ಬಂತು: "ಇಪ್ಪತ್ತಕ್ಕೂ ಮೇಲೆ ಇವೆ ರೀ! ಸಾಸಿವೆಗೆ ಕಣ್ಣು ಬರೆದ ಹಾಗಿವೆ. ದೊಡ್ಡವು ತಿಂದುಬಿಡ್ತಾವಂತೆ, ಬೇಗ ಬನ್ನಿ!" ಅವನು ಮರಿಗಳನ್ನು ಬೇರೆಯಿಡಲು ಬಲೆಯ ಪೆಟ್ಟಿಗೆ ಕೊಂಡುಕೊಂಡು ಓಡಿ ಬಂದ. ಅವಳು ಮೈಯೆಲ್ಲ ಕಣ್ಣಾಗಿ ಕಾದಳು. ಮರಿಗಳೆಲ್ಲ ಉಳಿದವು. ಅವಳು ಉಣ್ಣತೊಡಗಿದಳು, ತಲೆ ಬಾಚಿದಳು, ಬೆಳಗಿನ ಪಾಳಿಗೆ ಔಷಧಿ ಅಂಗಡಿಗೆ ಮತ್ತೆ ಹೋಗತೊಡಗಿದಳು.

ಉಳಿದ ಮರಿಗಳು ಬೆಳೆದು ಮರಿ ಹಾಕಿದವು. ಆ ಮರಿಗಳೂ ಉಳಿದವು. ಮೂರನೆಯ ಸಲದ ಹೊತ್ತಿಗೆ ತೊಟ್ಟಿಯ ನೀರು ಗಂಜಿಯಂತೆ ಮಬ್ಬಾಯಿತು. ಎಷ್ಟು ಬದಲಾಯಿಸಿದರೂ ಮರುದಿನ ಮತ್ತೆ ಅದೇ. ಮೀನುಗಳು ಗುಂಪುಗೂಡಿ ಮೇಲಕ್ಕೆ ಬಂದು ಬಾಯಿ ತೆರೆದು ತೆರೆದು ಮುಚ್ಚುತ್ತಿದ್ದವು. ಒಂದೊಂದಾಗಿ ಸಾಯುವುದೂ ಶುರುವಾಯಿತು. ಸತ್ತದ್ದನ್ನು ಅವಳ ಕಣ್ಣಿಗೆ ಬೀಳದ ಹಾಗೆ ಎತ್ತಿಹಾಕುವುದು ಲಿಫ್ಟಣ್ಣನ ಬೆಳಗಿನ ಕೆಲಸವಾಯಿತು.

ಅವನು ಸಾಕುವ ಮೀನು ಮಾರುವ ಅಂಗಡಿಯ ಅಕ್ಕನನ್ನು ಕೇಳಿದ. ದಪ್ಪ ದೇಹದ, ಒರಟು ಮಾತಿನ ಹೆಂಗಸು ಅವಳು.

"ಈಜೋಕೆ ಜಾಗ ಇದೆಯಲ್ಲಾ ಅಂತ ಲೆಕ್ಕ ಹಾಕಬೇಡಿ ಅಣ್ಣ. ಅವು ತಿಂದಿದ್ದೂ ಅದೇ ನೀರಲ್ಲಿ, ಹೇತಿದ್ದೂ ಅದೇ ನೀರಲ್ಲಿ. ಎರಡಡಿಗೆ ಹದಿನೈದು ಮೀನು, ಅದಕ್ಕಿಂತ ಹೆಚ್ಚು ಬೇಡ. ನಿಮ್ಮಲ್ಲೆಷ್ಟಿವೆ?"

"ಎಪ್ಪತ್ತು, ಎಂಬತ್ತು ಇರಬಹುದು."

"ಅಯ್ಯೋ! ನಾಳೆನೇ ತಂದು ಹಾಕಿ ನನ್ನ ತೊಟ್ಟಿಗೆ. ಇಲ್ಲಾಂದ್ರೆ ಒಂದೂ ಉಳಿಯಲ್ಲ."

ಹೆಂಡತಿಗೆ ಹೇಳಬೇಕೆಂದು ಎರಡು ಸಲ ಬಾಯಿ ತೆರೆದು, ಊಟಕ್ಕೇನು ಎಂದು ಕೇಳಿ ಎದ್ದುಹೋದ. ತನ್ನ ಒಡಹುಟ್ಟಿದ ಅಕ್ಕನಿಗೆ ಫೋನು ಮಾಡಿದರೆ ಅವಳದು ಎಂದಿನಂತೆ ಕಡ್ಡಿ ಮುರಿದ ಹಾಗೆ ಮಾತು: "ಅವಳಿಲ್ಲದಾಗ ತಗೊಂಡ್ ಹೋಗಿ ಕೊಟ್ಬಿಡು. ಎರಡು ದಿನ ಅತ್ತು ಸುಮ್ಮನಾಗ್ತಾಳೆ." ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿಯವನು ಲಿಫ್ಟಣ್ಣ. ಅವಳು ಬೆಳಗಿನ ಪಾಳಿಗೆ ಹೋದದ್ದೇ ಬಕೆಟ್ಟಿಗೆ ನೀರು ತುಂಬಿ, ಬಲೆಗೆ ಸಿಕ್ಕಿದ್ದನ್ನೆಲ್ಲ ಹಿಡಿದು, ಅಂಗಡಿಗೆ ಹೊತ್ತುಹಾಕಿ ಬಂದ.

ಮಧ್ಯಾಹ್ನ ಅವಳು ಬಂದು ಚಪ್ಪಲಿ ಬಿಡುತ್ತಲೇ ತೊಟ್ಟಿಯ ಮುಂದೆ ನಿಂತಳು.

"ಬಾಲ ಹರಿದವಳು ಎಲ್ಲಿ?"

"ಅಲ್ಲೇ ಎಲ್ಲೋ ಇರ್ಬೇಕು..."

"ಇಲ್ಲ. ಅರ್ಧಕ್ಕರ್ಧ ಇಲ್ಲ. ಎಲ್ಲಿ?"

"ಅಂಗಡಿಗೆ ಕೊಟ್ಟೆ ಕಣೇ. ಎಲ್ಲಾ ಸಾಯ್ತಿದ್ವು. ನೀನು ನೋಡಿದ್ರೆ ಸಂಕಟ ಪಡ್ತೀಯ ಅಂತ, ನಿನ್ನ ಒಳ್ಳೇದಕ್ಕೇ..."

"ಆವತ್ತೂ ಹೀಗೇ ಅಂದ್ರಿ."

ಯಾವತ್ತು ಎಂದು ಅವನು ಕೇಳಲಿಲ್ಲ. ಆಸ್ಪತ್ರೆಯಲ್ಲಿ ಅವಳಿಗಿನ್ನೂ ಪೂರ್ತಿ ಎಚ್ಚರವಾಗಿರಲಿಲ್ಲ. ಜೀವವಿಲ್ಲದೆ ಹುಟ್ಟಿದ ಮಗುವನ್ನು ತಾಯಿಗೆ ತೋರಿಸೋದಾ ಎಂದು ನರ್ಸ್ ಕೇಳಿದ್ದಳು. ನೋಡಿದರೆ ಜೀವಮಾನವೆಲ್ಲ ಕಣ್ಣಿಗೆ ಕಟ್ಟುತ್ತೆ, ಬೇಡವೇ ಬೇಡ ಎಂದಿದ್ದಳು ಅವನ ಅಕ್ಕ. ಅವನೂ ಹೂಂ ಎಂದು ತಲೆಯಾಡಿಸಿದ್ದ. ಹೆಂಡತಿ ಕಣ್ಣು ಬಿಡುವಷ್ಟರಲ್ಲಿ ಎಲ್ಲವೂ ಮುಗಿದಿತ್ತು.

"ಏಳು ತಿಂಗಳು ಹೊತ್ತವಳು ನಾನು," ಎಂದಳು. ದನಿ ಏರಿರಲಿಲ್ಲ. "ನೋಡ್ತೀಯಾ ಅಂತ ಒಂದು ಮಾತು ಕೇಳ್ಲಿಲ್ಲ. ಹೆಣ್ಣು ಅನ್ನೋದೂ ನರ್ಸ್ ಬಾಯಿತಪ್ಪಿ ಅಂದಿದ್ದಕ್ಕೆ ನಂಗೆ ಗೊತ್ತಾಗಿದ್ದು."

"ಅಕ್ಕ ಹೇಳಿದ್ಲು ಅಂತ..."

"ಅವರು ಹೇಳಿದ್ರು, ನೀವು ಕೇಳಿದ್ರಿ. ಇವತ್ತೂ ಅವರನ್ನ ಕೇಳೇ ಮಾಡಿರ್ತೀರಿ."

ಅವನಿಗೆ ಸುಳ್ಳು ಹೇಳುವ ಧೈರ್ಯವಾಗಲಿಲ್ಲ, ಹೌದು ಎಂದ.

ಅವಳು ಗೋಡೆಗೊರಗಿ ಕೂತಳು. ಆಮೇಲೆ ಅವನತ್ತ ನೋಡದೆ ಕೇಳಿದಳು: "ನೀವು ನೋಡಿದ್ರಲ್ಲ? ಹೇಗಿದ್ಲು?"

ಅಲ್ಲಿಯವರೆಗೆ ಅವನು ಯಾರೆದುರೂ ಅದನ್ನು ಆಡಿದವನಲ್ಲ. "ಕೂದಲು ತುಂಬಾ ಇತ್ತು," ಎಂದ. "ಒದ್ದೆಯಾಗಿ ಹಣೆಗೆ ಅಂಟಿತ್ತು. ಗಲ್ಲ ಥೇಟ್ ನಿನ್ನದೇ. ಕೈಗೆ ಭಾರನೇ ಇರ್ಲಿಲ್ಲ ಕಣೇ... ನಾನು ಎತ್ಕೊಂಡಿದ್ದೆ. ಆಮೇಲೆ ಅವರು ಇಸ್ಕೊಂಡ್ರು." ಮುಂದೆ ಹೇಳಲಾಗದೆ ಮುಖ ಮುಚ್ಚಿಕೊಂಡು ಬಿಕ್ಕಿದ. ಅವಳು ಸಮಾಧಾನ ಮಾಡಲಿಲ್ಲ, ಎದ್ದೂ ಹೋಗಲಿಲ್ಲ.

"ಹೋಗಿ ವಾಪಸ್ ತರ್ತೀನಿ," ಎಂದ ಕೊನೆಗೆ.

"ತಂದು? ಇಲ್ಲಿ ಉಸಿರು ಕಟ್ಟಿ ಸಾಯ್ಲಿ ಅಂತಾನಾ?"

ರಜೆಯ ದಿನ ಅವಳೇ ಮೀನಿನ ಅಂಗಡಿಗೆ ಹೊರಟಳು. ಅವನು ಹಿಂದೆ ಹೋದ. ಬಾಲ ಹರಿದದ್ದು ಅಲ್ಲಿರಲಿಲ್ಲ. "ಅದು ಮೊನ್ನೆನೇ ಹೋಯ್ತಲ್ಲಮ್ಮ. ಯಾರೋ ಹತ್ತು ಮೀನು ಒಟ್ಟಿಗೆ ಒಯ್ದರು," ಎಂದಳು ಅಂಗಡಿಯ ಅಕ್ಕ. ಹೆಂಡತಿ ತುಟಿ ಕಚ್ಚಿಕೊಂಡು ಉಳಿದದ್ದನ್ನೆಲ್ಲ ಕೇಳಿದಳು: ಎಷ್ಟಿಡಬೇಕು, ಹೆಣ್ಣೆಷ್ಟು, ಗಂಡೆಷ್ಟು.

"ಮರಿ ಬೇಡಾಂದ್ರೆ ಗಂಡುಗಳನ್ನಷ್ಟೇ ಇಟ್ಕೊಳ್ಳಿ. ಹೆಣ್ಣೆಲ್ಲಾ ಕೊಟ್ಬಿಡಿ."

"ಹೆಣ್ಣುಗಳನ್ನ ಇಟ್ಕೊಂಡು ಗಂಡು ಕೊಟ್ರೆ?"

"ಕೊಟ್ರೂ ಒಡನೆ ನಿಲ್ಲಲ್ಲ ತಾಯಿ. ಗಂಡಿನ ಬೀಜ ಹೊಟ್ಟೇಲಿ ಇಟ್ಕೊಂಡಿರ್ತಾವೆ, ಇನ್ನೂ ಕೆಲವು ತಿಂಗಳು ಮರಿ ಹಾಕ್ತಾನೇ ಇರ್ತಾವೆ."

"ಹಾಕ್ಲಿ. ಬೆಳೆಸಿ ನಾನೇ ತಂದು ಕೊಡ್ತೀನಿ."

ಹದಿನೈದಲ್ಲ, ಹನ್ನೆರಡು ಸಾಕು ಎಂದು ಅವಳೇ ತೀರ್ಮಾನಿಸಿದಳು. ಮುಂದೆ ಹುಟ್ಟುವವಕ್ಕೂ ಜಾಗ ಬೇಕಲ್ಲ. ಮನೆಗೆ ಬಂದು ಬಲೆಯನ್ನೂ ಅವಳೇ ಹಿಡಿದಳು. ಹಿಡಿದ ಒಂದು ಮೀನನ್ನು ಎರಡು ಸಲ ತೊಟ್ಟಿಗೇ ಬಿಟ್ಟಳು. ಮೂರನೆಯ ಸಲ ಬಕೆಟ್ಟಿಗೆ ಹಾಕಿದಳು.

ವಾರ ಕಳೆಯುವುದರೊಳಗೆ ನೀರು ತಿಳಿಯಾಯಿತು. ಮನೆ ಅಷ್ಟು ಬೇಗ ಸರಿಹೋಗಲಿಲ್ಲ. ಅವನ ಅಕ್ಕನ ಫೋನು ಬಂದರೆ ಅವಳು ಇವತ್ತಿಗೂ ಎತ್ತುವುದಿಲ್ಲ. ಗಂಡನ ಮೇಲಿನ ಸಿಟ್ಟೂ ಒಂದೇ ಏಟಿಗೆ ಇಳಿದದ್ದಲ್ಲ. ಕೆಲವು ದಿನ ತಟ್ಟೆಯನ್ನು ಅವನ ಮುಂದೆ ಇಟ್ಟು ಸರಿದುಹೋಗುತ್ತಾಳೆ. ಆದರೆ ಪಾತ್ರೆ ತೊಳೆಯುತ್ತಲೋ ದೀಪ ಆರಿಸುವ ಮುಂಚೆಯೋ ಥಟ್ಟನೆ ಮಗಳ ಬಗ್ಗೆ ಕೇಳುತ್ತಾಳೆ: "ಕಣ್ಣು?"

"ಮುಚ್ಚಿತ್ತು," ಎನ್ನುತ್ತಾನೆ ಅವನು. "ರೆಪ್ಪೆ ಉದ್ದ ಇತ್ತು."