ಹಗಲು ಹೇಳಿದ ಕಥೆ

ನನ್ನ ಅಕ್ಷರ ಕೋಳಿ ಕೆದಕಿದ ಹಾಗಿದೆ, ಕಾಗುಣಿತವೂ ತಪ್ಪಿರಬಹುದು. ಐದನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ನೋಟ್‌ಬುಕ್ಕಿನ ಹಾಳೆಯ ಫೋಟೊ ಹಾಕುತ್ತಿದ್ದೇನೆ, ಕ್ಷಮಿಸಿ.

ಪರದೇಶದ ಈ ಡ್ಯಾಂಡಿನಾಂಗ್ ಊರಿನ ಮನೆಯಲ್ಲಿ ಕಡಲೆಬೀಜ ಹುರಿದ ವಾಸನೆ ಬಂದರೆ ಅಜ್ಜಿಯ ನೆನಪಾಗುತ್ತದೆ. ಹಗಲು ಹೊತ್ತು ಕಥೆ ಹೇಳಿದರೆ ಸೋದರಮಾವ ದಾರಿ ತಪ್ಪುತ್ತಾನೆ ಎಂದು ಕತ್ತಲಾಗುವವರೆಗೂ ಅವಳು ಕಥೆಗೆ ಬಾಯಿ ತೆರೆಯುತ್ತಿರಲಿಲ್ಲ. ನನಗೆ ಜ್ವರ ಬಂದು, ಕಥೆ ಬೇಕೆಂದು ಹಟ ಹಿಡಿದ ದಿನ ಮಾತ್ರ, ಹುರಿದ ಬೀಜದ ಸಿಪ್ಪೆ ಊದುತ್ತಾ, ಮಧ್ಯಾಹ್ನವೇ ಒಂದು ಕಥೆ ಹೇಳಿದಳು. ಅವತ್ತು ಸಂತೆಗೆ ಹೋದ ಮಾವ ಮನೆಗೆ ಬರಲೇ ಇಲ್ಲ. ಮರುದಿನ ಬಂದು, “ಬೇರೆ ಬಸ್ ಹತ್ಬಿಟ್ಟೆ ಕಣವ್ವ” ಎಂದರು.

“ಎಲ್ಲಾ ನಿನ್ನ ಹಟದಿಂದ ಕಣೇ” ಎಂದು ಅಜ್ಜಿ ನನ್ನ ತಲೆಗೆ ಮೊಟಕಿದಳು.

ಈಗ ಅದೇ ಮಾವ ಇಲ್ಲಿ ಬಸ್ ಡ್ರೈವರ್. ನಾನು ಅವರ ಮನೆಯಲ್ಲೇ ಇದ್ದೇನೆ. ಸಂಜೆ ಕೆಲಸವಿರುವುದರಿಂದ ಕಥೆ ಬರೆಯಲು ಬೆಳಗ್ಗೆ ಮಾತ್ರ ಪುರುಸೊತ್ತು. ಬರೆದರೂ ಹೇಳಿದ ಹಾಗೆಯೇ ಆಗುತ್ತದೆಯೇ? ಇಲ್ಲಿ ಬೆಳಗಾದಾಗ ಊರಲ್ಲಿ ಇನ್ನೂ ಕತ್ತಲೆ. ಅಜ್ಜಿಯ ನಿಯಮ ಯಾವ ಊರಿನ ಹೊತ್ತಿಗೆ? ಕೇಳಿದರೆ ಮಾವ, “ಜಿಪಿಎಸ್ ಇದ್ಯಲ್ಲೇ, ನೀನ್ ಬರಿ” ಎಂದು ನಗುತ್ತಾರೆ. ನನಗಂತೂ ತಿಳಿಯುತ್ತಿಲ್ಲ.

ಇವತ್ತು ಬೆಳಗ್ಗೆ ಒಂದು ಕಥೆ ಮುಗಿಸಿದೆ. ಮಾವ ಡಿಪೋ ಸೇರುವ ಹೊತ್ತಿಗೆ ಫೋನ್ ಮಾಡಿ, “ಸರಿಯಾಗಿ ತಲುಪಿದ್ರಾ ಮಾವ?” ಎಂದು ಕೇಳಿದೆ.