ಸೂಜಿ ಹಿಡಿದ ಹನ್ನೆರಡು ದಿನ

ಬೆಳಿಗ್ಗೆ ಎದ್ದು ಮುಖ ತೊಳೆದವಳು ಚಹಾಕ್ಕೂ ಮೊದಲು ಕಂಪ್ಯೂಟರ್ ತೆರೆಯುತ್ತಿದ್ದಳು. ಜ್ವರ ಬಂದ ದಿನವೂ ತಪ್ಪಿಸಿದವಳಲ್ಲ. ಇಪ್ಪತ್ತು ವರ್ಷದ ಹಿಂದೆ ಅವಳು ಬರೆದ ಒಂದು ಸಂಶೋಧನಾ ಪ್ರಬಂಧವನ್ನು ಎಷ್ಟು ಮಂದಿ ತಮ್ಮ ಬರಹಗಳಲ್ಲಿ ಉಲ್ಲೇಖಿಸಿದ್ದಾರೆ ಎಂಬ ಸಂಖ್ಯೆ ಅಲ್ಲಿರುತ್ತಿತ್ತು.

"ಏರಿತೇನಕ್ಕಾ ನಿನ್ನ ಪಾದರಸ?" ಹೊಲಿಗೆ ಯಂತ್ರದ ಹಿಂದಿನಿಂದ ತಂಗಿ ಕೇಳುವಳು.

"ಎರಡು ಏರಿದೆ."

"ಹಾಗಾದ್ರೆ ಇವತ್ತೂ ಜ್ವರ ಬಿಡಲ್ಲ ಬಿಡು."

ಮಿದುಳಿನ ಮೇಲೆ ಅವಳು ಬರೆದದ್ದು ನಲವತ್ತೊಂದು ಪ್ರಬಂಧ. ಉಳಿದ ನಲವತ್ತೂ ಸೇರಿದರೂ ಈ ಒಂದರ ಮೊಣಕಾಲಿಗೆ ಬರುತ್ತಿರಲಿಲ್ಲ. ಇಲಿ ಹೆದರಿದಾಗ ಆ ಭಯದ ನೆನಪು ಮಿದುಳಿನ ಬಲಭಾಗದಿಂದ ಎಡಕ್ಕೆ ಸರಿಯುತ್ತದೆ ಎಂದು ಅದರಲ್ಲಿ ತೋರಿಸಿದ್ದಳು. ಅವಳ ಹುದ್ದೆ, ಪ್ರಯೋಗಾಲಯ, ಹೆಸರು ಎಲ್ಲ ನಿಂತದ್ದು ಆ ಒಂದು ಮಾತಿನ ಮೇಲೆ.

ಒಂದು ಮಧ್ಯಾಹ್ನ ತಂಗಿ ಕತ್ತರಿ ಎಸೆದು ತಲೆ ಚಚ್ಚಿಕೊಂಡಳು. "ನೋಡಕ್ಕಾ ನನ್ನ ಬುದ್ಧಿ! ಬಟ್ಟೆ ಮಗುಚದೇ ಕತ್ತರಿಸಿಬಿಟ್ಟೆ, ಎರಡೂ ಎಡತೋಳೇ ಆಯ್ತು. ಮಗುಚಿದ್ರೆ ಎಡ ಬಲ ಆಗತ್ತೆ ಅನ್ನೋದು ದರ್ಜಿಗೇ ಮರೆತರೆ ಇನ್ನು ಯಾರಿಗೆ ನೆನಪಿರತ್ತೆ?"

ಅಕ್ಕ ನಗಲಿಲ್ಲ. ಆ ಎರಡು ತೋಳುಗಳನ್ನೇ ನೋಡುತ್ತ ಕೂತಳು. ಎದೆಯೊಳಗೆ ಯಾರೋ ಚಿಲಕ ತೆಗೆದ ಹಾಗಾಯಿತು.

ಆ ಪ್ರಬಂಧ ಬರೆದ ಕಾಲಕ್ಕೆ ಅವಳ ಪ್ರಯೋಗಾಲಯದಲ್ಲಿ ಗಾಜಜ್ಜ ಎಂದು ಎಲ್ಲರೂ ಕರೆಯುತ್ತಿದ್ದ ಸಹಾಯಕರೊಬ್ಬರಿದ್ದರು. ಮಿದುಳನ್ನು ಕೂದಲಿಗಿಂತ ತೆಳ್ಳಗೆ ಹೋಳು ಮಾಡಿ ಗಾಜಿನ ಪಟ್ಟಿಗೆ ಅಂಟಿಸುವುದು ಅವರ ಕೆಲಸ. ಹೋಳಾದ ಮೇಲೆ ಎಡ ಯಾವುದು ಬಲ ಯಾವುದು ತಿಳಿಯುವುದಿಲ್ಲವಲ್ಲ, ಅದಕ್ಕೇ ಮೊದಲೇ ಎಡಭಾಗಕ್ಕೆ ಸೂಜಿಯಿಂದ ಒಂದು ತೂತು ಚುಚ್ಚಿಡುತ್ತಿದ್ದರು. ಹೆದರಿಸದ ಇಲಿಗಳದ್ದು ಅವರೇ ಮುಗಿಸಿದರು. ಹೆದರಿಸಿದ ಇಲಿಗಳ ಸರದಿ ಬಂದಾಗ ಅಜ್ಜನ ಹೆಂಡತಿಗೆ ಆಪರೇಷನ್ ಆಗಿ ಅವರು ಹನ್ನೆರಡು ದಿನ ರಜೆ ಹೋದರು. ಆ ದಿನಗಳಲ್ಲಿ ಸೂಜಿ ಹಿಡಿದವಳು ಅವಳೇ.

ವಾಪಸು ಬಂದ ಅಜ್ಜ ಒಂದೇ ಮಾತು ಕೇಳಿದ್ದರು. "ತಾಯೀ, ತೂತು ಎಡಕ್ಕೇ ಹಾಕಿದ್ರಿ ತಾನೇ?"

"ನನಗೂ ಎಡ ಬಲ ಗೊತ್ತಿದೆ ಅಜ್ಜಾ," ಎಂದು ಸಿಡುಕಿದ್ದಳು. ಅವರು ತಲೆ ತಗ್ಗಿಸಿ ಹೋಗಿದ್ದರು. ಮತ್ತೆಂದೂ ಕೇಳಲಿಲ್ಲ.

ಮರುದಿನ ಬೀರುವಿನ ತಳದಿಂದ ಹಳೆಯ ನೋಟ್‌ಬುಕ್ ತೆಗೆದಳು. ತೂತು ಎಲ್ಲಿ ಹಾಕಿದ್ದೆಂದು ಪ್ರತಿದಿನ ಪೆನ್ಸಿಲಿನಲ್ಲಿ ಪುಟ್ಟ ಚಿತ್ರ ಬರೆದಿದ್ದಳು. ಹನ್ನೆರಡೂ ಚಿತ್ರಗಳಲ್ಲಿ ಕಣ್ಣಿನ ನರಗಳು ಒಂದನ್ನೊಂದು ಅಡ್ಡಹಾಯುವ ಗುರುತಿತ್ತು. ಅದು ಕಾಣುವುದು ಮಿದುಳಿನ ಅಡಿಭಾಗದಲ್ಲಿ ಮಾತ್ರ. ಅಂದರೆ ಅಂಗಾತ ಮಲಗಿಸಿದ ಮಿದುಳಿಗೆ ತನ್ನ ಎಡಗೈ ಕಡೆ ಚುಚ್ಚಿದ್ದಳು. ಅದು ಇಲಿಯ ಬಲ. ಭಯ ಎಲ್ಲಿಗೂ ಸರಿದಿರಲಿಲ್ಲ. ಮಿದುಳು ಮಗುಚಿಕೊಂಡಿತ್ತು, ಅಷ್ಟೇ.

ಆಮೇಲೂ ಬೆಳಗಿನ ಅಭ್ಯಾಸ ಬಿಡಲಾಗಲಿಲ್ಲ. ಆದರೆ ಸಂಖ್ಯೆ ಏರಿದಾಗಲೆಲ್ಲ ಯಾರೋ ಬಾಗಿಲು ತಟ್ಟಿದಂತಾಗುತ್ತಿತ್ತು. ಪ್ರಯೋಗಾಲಯದಲ್ಲಿ ಗಾಜಿನ ಪಟ್ಟಿಗಳು ಕಿಣಿ ಎಂದರೆ ಬೆನ್ನ ಹಿಂದೆ ಅಜ್ಜ ನಿಂತಿದ್ದಾರೆ ಅನ್ನಿಸಿ ತಿರುಗಿ ನೋಡುವಳು. ಅವರು ತೀರಿಕೊಂಡು ಐದು ವರ್ಷವಾಗಿತ್ತು. ಕುರ್ಚಿ ಖಾಲಿ ಇರುತ್ತಿತ್ತು. ಬೈಯುವ ದೆವ್ವವಾದರೆ ಜಗಳವಾಡಿ ಕಳಿಸಬಹುದು. ಮೆತ್ತಗೆ ಕೇಳುವವರನ್ನು ಕಳಿಸುವುದು ಹೇಗೆ?

ಮೂರು ವಾರ ಬಾಯಿ ಬಿಡಲಿಲ್ಲ. ಆಮೇಲೆ ಆರುನೂರ ನಲವತ್ತನೆಯ ಉಲ್ಲೇಖ ಬಂತು. ದೂರದ ಆಸ್ಪತ್ರೆಯೊಂದರ ವೈದ್ಯರು ಅವಳ ಪ್ರಬಂಧವನ್ನೇ ಆಧಾರವಾಗಿಟ್ಟು, ಬೆಚ್ಚಿಬಿದ್ದು ಮಾತು ನಿಂತ ಮಕ್ಕಳ ತಲೆಯ ಎಡಭಾಗಕ್ಕೆ ಆಯಸ್ಕಾಂತದ ಚಿಕಿತ್ಸೆ ಕೊಡಲು ಹೊರಟಿದ್ದರು. ಅವಳು ಅಂದೇ ಆ ವೈದ್ಯರಿಗೆ ನಿಲ್ಲಿಸಿ ಎಂದು ಪತ್ರ ಬರೆದಳು. ನೋಟ್‌ಬುಕ್ ಎತ್ತಿಕೊಂಡು ನಿರ್ದೇಶಕರ ಕೋಣೆಗೆ ಹೋದಳು.

ಅವರು ಎಲ್ಲ ಕೇಳಿ ಹನ್ನೆರಡೂ ಚಿತ್ರಗಳನ್ನು ಒಂದೊಂದಾಗಿ ನೋಡಿದರು. ಕೆಟ್ಟ ಮನುಷ್ಯರಲ್ಲ. ಕೊನೆಗೆ ತಾವೇ ಒಂದು ಕಾಗದ ತೆಗೆದು ನಾಲ್ಕು ಸಾಲು ಬರೆದು ಅವಳ ಮುಂದೆ ಸರಿಸಿದರು.

"ಪ್ರಬಂಧ ವಾಪಸು ತಗೊಳ್ಳೋಣ, ಬೇರೆ ದಾರಿ ಇಲ್ಲ. ಆದ್ರೆ ಕಾರಣ ಹೀಗೆ ಬರೆಯೋಣ: ಸಹಾಯಕರ ಕೈತಪ್ಪು. ಹೆಸರು ಹಾಕೋದು ಬೇಡ. ಅಜ್ಜ ಈಗಿಲ್ಲ, ಅವರಿಗೇನೂ ನೋವಾಗಲ್ಲ. ನಿಮ್ಮ ಉಳಿದ ನಲವತ್ತು ಉಳಿಯುತ್ತವೆ ಮೇಡಂ. ಇಲ್ಲದಿದ್ರೆ ನಾಳೆಯಿಂದ ಎಲ್ಲವನ್ನೂ ಅನುಮಾನದಿಂದ ನೋಡ್ತಾರೆ."

ಅವಳು ನಾಲ್ಕೂ ಸಾಲು ಓದಿದಳು. ಭಾಷೆ ಚೆನ್ನಾಗಿತ್ತು. ಸುಳ್ಳೆಂದು ಯಾರೂ ಹೇಳಲಾರರು. ನಲವತ್ತು ಪ್ರಬಂಧವೆಂದರೆ ನಲವತ್ತು ಬೇಸಿಗೆ, ಮದುವೆಯಾಗದೆ ಉಳಿದ ಒಂದು ಆಯುಷ್ಯ. ದೇವರು ಮನುಷ್ಯನನ್ನು ಪರೀಕ್ಷಿಸುವುದು ದೊಡ್ಡ ಗುಡ್ಡಗಳಲ್ಲಿ ಅಲ್ಲ, ಇಂಥ ಚಿಕ್ಕ ಕಾಗದಗಳಲ್ಲೇ ಇರಬೇಕು.

"ಸರ್, ನೀವು ನನ್ನ ಒಳ್ಳೇದಕ್ಕೇ ಹೇಳ್ತಿದ್ದೀರಿ, ಗೊತ್ತು," ಎಂದಳು. "ಆದ್ರೆ ಆ ಹನ್ನೆರಡು ದಿನ ಅವರು ಆಸ್ಪತ್ರೆಯಲ್ಲಿ ಹೆಂಡತಿ ಪಕ್ಕ ಕೂತಿದ್ರು."

"ಅದು ಓದುವವರಿಗೆ ಗೊತ್ತಾಗಲ್ಲ."

"ಅವರು ಕೇಳಿದ್ರು ಸರ್. ನಾನೇ ಬಾಯಿ ಮುಚ್ಚಿಸಿದೆ."

ಕಾಗದವನ್ನು ಮೇಜಿನ ಆಚೆಗೆ, ಅವರ ಕಡೆಗೆ ತಳ್ಳಿದಳು. "ಇದು ಬೇಡ. ನನ್ನ ಹೆಸರು ಹಾಕಿ ನಾನೇ ಬರೆದುಕೊಡ್ತೀನಿ."