ಮೆಹರೀನ ಟೀಚರ ಸೈಕಲ್ ಬೆಲ್

ಥೂ! ಆ ದಿನದ ಪೂರಿ-ಬಾಜಿಯ ವಾಸನೆ ನೆನಪಾಗಿ ಇವತ್ತಿಗೂ ನಾನು ಪೂರಿ ಮುಟ್ಟುವುದಿಲ್ಲ. ಅಡುಗೆ ಕೆಟ್ಟಿರಲಿಲ್ಲ. ಉಂಡವರು ಕೆಟ್ಟಿದ್ದರು.

ನಾನು ಕರಿಬಸಪ್ಪ, ದಾಂಡೇಲಿಯಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡವನು. ಮೆಹರೀನಳ ಮನೆ ಗಿರಣಿಯ ಎದುರಿಗೇ ಇದೆ. ಮೊದಲು ಒಂದು ಖಾಸಗಿ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಳು. ಯಾರೋ ದೊಡ್ಡವರ ಮಗನಿಗೆ ಅಂಕ ಏರಿಸು ಅಂದಿದ್ದಕ್ಕೆ ಚಾಕ್‌ಪೀಸ್ ಮೇಜಿನ ಮೇಲಿಟ್ಟು ಮನೆಗೆ ಬಂದವಳು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಈಗ ಸಂಜೆಯಾದರೆ ಓಣಿಯ ಮಕ್ಕಳೆಲ್ಲ ಅವಳ ಪಡಸಾಲೆಯಲ್ಲೇ ಟ್ಯೂಷನ್ನಿಗೆ ಕೂಡುತ್ತಾರೆ. ನನ್ನ ಮೊಮ್ಮಗಳು ಶಿವಗಂಗಾ ಕೂಡ.

ಪಾಠ ಮುಗಿದ ಮೇಲೆ ಒಂದು ಆಟ ಇರುತ್ತದೆ. ಮೆಹರೀನಳ ಅಪ್ಪ ಬಂದೇನವಾಜ ಕಾಗದದ ಮಿಲ್ಲಿನಲ್ಲಿ ದುಡಿದವನು. ಅವನು ತಂದಿಟ್ಟ ರಟ್ಟು ಕತ್ತರಿಸಿ ಮೆಹರೀನ ಇಂಗ್ಲಿಷ್ ಅಕ್ಷರಗಳ ಬಿಲ್ಲೆ ಮಾಡಿ ಸ್ಟೀಲ್ ಡಬ್ಬಿಯಲ್ಲಿ ತುಂಬಿದ್ದಾಳೆ. ಒಂದು ಮಗು ಕಣ್ಣು ಮುಚ್ಚಿ ಎರಡು ಬಿಲ್ಲೆ ತೆಗೆಯಬೇಕು. ‘ಐದು ಅಕ್ಷರ’ ಎಂದು ಮೆಹರೀನ ಅಳತೆ ಹೇಳುತ್ತಾಳೆ. ಆ ಎರಡೂ ಅಕ್ಷರ ಇರುವ, ಐದೇ ಅಕ್ಷರದ ಪದ ಯಾರಿಗೆ ಹೊಳೆಯಿತೋ ಅವರು ಓಡಿಹೋಗಿ ಮೇಜಿನ ಮೇಲಿನ ಬೆಲ್ ಬಾರಿಸಬೇಕು. ಅದು ಬಂದೇನವಾಜನ ಸೈಕಲ್ಲಿನ ಬೆಲ್. ಟಿ ಮತ್ತು ಜಿ ಬಂದರೆ ಒಬ್ಬ ಟೈಗರ್ ಅನ್ನುತ್ತಾನೆ, ಇನ್ನೊಬ್ಬಳು ಲೈಟ್ ಅನ್ನುತ್ತಾಳೆ. ನನಗೆ ಇಂಗ್ಲಿಷ್ ಬರುವುದಿಲ್ಲ, ಆದರೂ ಗಿರಣಿ ನಿಲ್ಲಿಸಿ ನೋಡುತ್ತೇನೆ. ಯಾವ ಮಗುವಾದರೂ ಬೆರಳ ಸಂದಿಯಿಂದ ಇಣುಕಿತೋ, ಬಿಲ್ಲೆ ವಾಪಸ್ ಡಬ್ಬಿಗೆ! ‘ನೋಡಿ ತಗದ್ರ ಅದು ಆಟ ಅಲ್ಲ, ಕಳವು’ ಅನ್ನುವಳು.

ಈ ಆಟದ ಸುದ್ದಿ ಹಳಿಯಾಳದ ಒಂದು ಸಂಘದವರ ಕಿವಿಗೆ ಬಿತ್ತು. ದಾಂಡೇಲಿ, ಹಳಿಯಾಳ, ಜೋಯ್ಡಾ, ಮುಂಡಗೋಡ ಅಷ್ಟೂ ತಾಲೂಕಿನ ಮಕ್ಕಳಿಗೆ ಸ್ಪರ್ಧೆ, ಗೆದ್ದವರಿಗೆ ಹೊಸ ಸೈಕಲ್. ಆಟ ನಡೆಸಲು ಮೆಹರೀನಳನ್ನೇ ಕರೆದರು. ಅವಳಿಗೆ ಹಿಗ್ಗೋ ಹಿಗ್ಗು. ಅಧ್ಯಕ್ಷ ಸಂಜೀವಕುಮಾರ ಮಾತ್ರ ಡಬ್ಬಿ ಬೇಡವೆಂದ. ‘ಅಕ್ಷರ ಮೊದಲ ಆರಿಸಿ ಲಕೋಟಿನ್ಯಾಗ ಹಾಕಿ ತರ್ರಿ ಮೇಡಮ್. ಟೈಮ್ ಉಳೀತೈತಿ.’ ಅವಳು ಒಲ್ಲದ ಮನಸ್ಸಿನಿಂದ ಒಪ್ಪಿದಳು. ಮನೆಯಲ್ಲೇ ಕೂತು ಲಕೋಟೆ ಅಂಟಿಸಿದಳು. ಆಗ ಮನೆಯಲ್ಲಿ ಇದ್ದವನು ಅವಳ ಗಂಡ ಆತಿಫ ಒಬ್ಬನೇ. ವೈರಿಂಗ್ ಕೆಲಸದವನು, ಮೈಕ್ ಸೆಟ್ಟೂ ಇದೆ. ಸ್ಪರ್ಧೆಗೂ ಅವನದೇ ಮೈಕ್.

ಹಳಿಯಾಳದ ಸಭಾಭವನ ತುಂಬಿತ್ತು. ಶಿವಗಂಗಾ ಚೆನ್ನಾಗಿಯೇ ಆಡುತ್ತಿದ್ದಳು. ಆದರೆ ಮೆಹರೀನ ಲಕೋಟೆ ಒಡೆದದ್ದೇ ತಡ, ಸಂಜೀವಕುಮಾರನ ಮಗಳು ಬೆಲ್ ಬಾರಿಸುತ್ತಿದ್ದಳು. ಏನು ಚುರುಕು ಕೂಸಪ್ಪಾ ಅಂತ ನಾನೂ ಬಾಯಿ ಬಿಟ್ಟುಕೊಂಡು ನೋಡಿದೆ. ಕಡೆಯ ಸುತ್ತಿಗೆ ಮೆಹರೀನ ಲಕೋಟೆ ಕೈಗೆತ್ತಿಕೊಂಡು ‘ಆರು ಅಕ್ಷರ’ ಅಂದಳಷ್ಟೇ. ಠಣ್!

‘ಲಿಝರ್ಡ್! ಎಲ್, ಐ, ಝೆಡ್, ಎ, ಆರ್, ಡಿ!’

ಜನ ಚಪ್ಪಾಳೆ ಹೊಡೆದರು. ಲಕೋಟೆ ಇನ್ನೂ ಮುಚ್ಚಿಯೇ ಇದೆ, ಅಕ್ಷರ ಯಾವುವು ಅಂತ ಯಾರೂ ಹೇಳಿಲ್ಲ, ಆದರೂ ಚಪ್ಪಾಳೆ! ಅಸಹ್ಯ ಅಂದರೆ ಇದಲ್ಲದೆ ಇನ್ನೇನು?

ಮೆಹರೀನ ಆ ಹುಡುಗಿಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. ‘ಲಕೋಟಿ ಇನ್ನಾ ಒಡದಿಲ್ಲವಾ. ನಿನಗ ಹೆಂಗ ಗೊತ್ತಾತು?’

‘ಆತಿಫ ಅಂಕಲ್ ಪಪ್ಪಾಗ ಹೇಳಿದ್ರಲ್ರೀ ಟೀಚರ್. ನಾ ಎಲ್ಲಾ ಬಾಯಿಪಾಠ ಮಾಡೇನಿ!’ ಪಾಪ, ಶಹಬ್ಬಾಸ್ ಅನ್ನಿಸಿಕೊಳ್ಳುವ ಆಸೆ ಆ ಕೂಸಿಗೆ.

ಮಾತು ಮುಗಿಯುವುದರೊಳಗೆ ಮೈಕ್ ಬಂದ್ ಆಯಿತು. ಎಲ್ಲರೂ ತಿರುಗಿ ನೋಡಿದರು. ಮೂಲೆಯಲ್ಲಿ ಆತಿಫ, ಕೈ ಇನ್ನೂ ಬಟನ್ ಮೇಲೆಯೇ ಇತ್ತು.

ಮೆಹರೀನಳ ಮುಖ ಸುಣ್ಣದ ಹಾಗಾಯಿತು. ಆದರೂ ಎದ್ದು ನಿಂತು, ಮೈಕಿಲ್ಲದೆ, ಗಂಟಲು ಕಿತ್ತುಹೋಗುವ ಹಾಗೆ ಕೂಗಿದಳು. ‘ಇದು ರದ್ದು! ಡಬ್ಬಿ ತಂದೇನಿ. ಮೊದಲಿಂದ ಆಡೂಣು, ಕೂಡ್ರಿ!’

‘ಸಣ್ಣ ಹುಡುಗಿ, ಏನೋ ಅಂತಾಳ. ಊಟ ತಯಾರ ಐತಿ, ಬರ್ರೆಲ್ಲಾ’ ಅಂದ ಸಂಜೀವಕುಮಾರ.

ಹೋದರು ನೋಡಿ! ಕುರ್ಚಿ ಸರಿಸಿಕೊಂಡು, ಒಬ್ಬರ ಮೇಲೊಬ್ಬರು ಬಿದ್ದು ತಾಟಿಗೆ ನುಗ್ಗಿದರು. ವೇದಿಕೆಯ ಮೇಲೆ ಡಬ್ಬಿ ಹಿಡಿದುಕೊಂಡು ನಿಂತವಳ ಕಡೆ ಒಬ್ಬರೂ ನೋಡಲಿಲ್ಲ. ಪಕ್ಕದ ಒಬ್ಬ ತಾಯಿ ಪೂರಿ ಮುರಿಯುತ್ತ ಕೇಳಿದಳು, ‘ಎರಡ ಅಕ್ಷರಕ್ಕ ಇಷ್ಟ್ಯಾಕ ರಂಪ ಮಾಡ್ತಾಳ್ರೀ ಆಕಿ?’ ನನಗೆ ಮೈಯೆಲ್ಲ ಉರಿದುಹೋಯಿತು. ‘ನಿಮ್ಮ ತಾಟಿನ್ಯಾಗಿನ ಪೂರಿ ಕಸಗೊಂಡ್ರ ನೀವೂ ಮಾಡ್ತೀರವಾ’ ಅಂದೆ. ಅವಳು ತಾಟು ಆಚೆ ಸರಿಸಿಕೊಂಡಳು.

ಊಟವಾದ ಮೇಲೆ ಸೈಕಲ್ಲನ್ನು ಅಧ್ಯಕ್ಷನ ಮಗಳಿಗೇ ಕೊಟ್ಟರು. ಮೆಹರೀನ ವೇದಿಕೆಯ ಮೇಜಿಗೆ ಬಿಗಿದಿದ್ದ ತನ್ನ ಅಪ್ಪನ ಬೆಲ್ಲನ್ನು ಬಿಚ್ಚಿ ಸೆರಗಿನಲ್ಲಿ ಕಟ್ಟಿಕೊಂಡಳು. ಶಿವಗಂಗಾ ಅಳಲಿಲ್ಲ. ‘ಅಜ್ಜಾ, ಹೋಗೂಣು ನಡಿ’ ಅಂದಳು. ನಾವು ಮೂವರೂ ಹಸಿದುಕೊಂಡೇ ಬಸ್ಸು ಹತ್ತಿದೆವು.

ಸಂಜೆ ಆತಿಫ ಬಾಗಿಲಲ್ಲೇ ಹೆಂಡತಿಯ ಮೇಲೆ ಉರ್ದುವಿನಲ್ಲಿ ಎಗರಾಡಿದ. ಗಿರಣಿಯಲ್ಲಿ ನನ್ನನ್ನು ಕಂಡು, ನ್ಯಾಯ ಕೇಳುವವನ ಹಾಗೆ ಕನ್ನಡಕ್ಕೆ ಬಂದ. ‘ನೀವ ಹೇಳ್ರಿ ಕಾಕಾ! ಎರಡ ಅಕ್ಷರ ಹೇಳಿದ್ರ ಯಾರ ಮನಿ ಮುಳಗ್ತು? ಜೋಯ್ಡಾದಾಗ ಅಧ್ಯಕ್ಷ ಸಾಹೇಬ್ರ ರೆಸಾರ್ಟಿನ ವೈರಿಂಗ್ ನನಗ ಸಿಕ್ತು. ಎಲ್ಲಾ ಈಕಿ ಸಲುವಾಗೇ ಮಾಡಿದ್ದು!’

‘ನನ್ನ ಸಲುವಾಗಿ ಅಂತ ಮಾತ್ರ ಅನಬ್ಯಾಡ’ ಅಂದಳು ಮೆಹರೀನ. ನಾನು ಗಿರಣಿ ಶುರು ಮಾಡಿ ಅವನ ದನಿ ಕೇಳದ ಹಾಗೆ ಮಾಡಿದೆ.

ಮರುದಿನ ಮಕ್ಕಳು ಬರುತ್ತಾರೋ ಇಲ್ಲವೋ ಎಂದು ಅವಳಿಗೆ ದಿಗಿಲು. ಎಲ್ಲರೂ ಬಂದರು. ಪಾಠ ಮುಗಿಯಿತು, ಬೆಲ್ ಮೇಜಿಗೆ ಬಂತು, ಡಬ್ಬಿಯ ಮುಚ್ಚಳ ತೆರೆಯಿತು. ಆದರೆ ಯಾರೂ ಕೈ ಹಾಕುತ್ತಿಲ್ಲ. ಆತಿಫ ಒಳಗೆ ಖಾಟಿನ ಮೇಲೆ ಫೋನ್ ನೋಡುತ್ತ ಕೂತಿದ್ದ.

ನನ್ನ ಶಿವಗಂಗಾ ಎದ್ದು ನಿಂತಳು. ‘ಅಂಕಲ್, ನೀವು ಹೊರಗ ಹೋಗ್ರಿ. ನಾವು ಅಕ್ಷರ ತಗೀತೇವಿ.’

ಅವನು ಹೆಂಡತಿಯ ಮುಖ ನೋಡಿದ. ಅವಳು ಡಬ್ಬಿ ಅಲುಗಾಡಿಸುತ್ತಿದ್ದಳು, ತಲೆ ಎತ್ತಲಿಲ್ಲ. ಅವನು ಚಪ್ಪಲಿ ಮೆಟ್ಟಿಕೊಂಡು ಬಂದು ನನ್ನ ಗಿರಣಿಯ ಮುಂದೆ ನಿಂತ. ಕೂಡು ಅಂತ ನಾನು ಅನ್ನಲಿಲ್ಲ. ಎದುರಿಗೆ ಠಣ್ ಅಂತ ಬೆಲ್ ಆಯಿತು, ಮಕ್ಕಳು ಹೋ ಎಂದರು.

ಈಗ ಯಾರೂ ಹೇಳಬೇಕಾಗಿಲ್ಲ. ಡಬ್ಬಿಯ ಮುಚ್ಚಳದ ಸಪ್ಪಳ ಕೇಳಿದರೆ ಅವನೇ ಎದ್ದು ಹೊರಗೆ ಬರುತ್ತಾನೆ.